ಸಂಬಂಧ: ಇತರೆ

ಜನವರಿ 9, ಗುರುವಾರ

ಹಜ್‌ಗೆ ಹೆಸರು ನೋಂದಾಯಿಸೋಣ ಎಂದು ಕೂತರೆ ಆ ವೆಬ್‌ಸೈಟ್ ನನ್ನ ಮುಖವನ್ನೇ ಒಪ್ಪುತ್ತಿಲ್ಲ. ಬಿಳಿ ಗೋಡೆಯ ಮುಂದೆ ನಿಂತು ಫೋಟೋ ತೆಗೆದು ಕಳಿಸು ಎಂದಿತು. ನಿಂತೆ. ಹಜ್‌ಗೆ ಹೊರಟವಳಲ್ಲವೇ ಎಂದು ಬಿಳಿಯ ದುಪಟ್ಟಾ ಬೇರೆ ಹೊದ್ದೆ. ತಲೆ ಎಲ್ಲಿದೆ ಗೊತ್ತಾಗುತ್ತಿಲ್ಲ ಎಂದು ವಾಪಸ್ ಕಳಿಸಿತು. ಮತ್ತೆ ತೆಗೆದೆ, ಮತ್ತೆ ಅದೇ ಪಾಡು. ನೋಡಿದರೆ ಅದರ ತಪ್ಪೇನೂ ಇಲ್ಲ. ಬಿಳಿ ಗೋಡೆಯಲ್ಲಿ ಬಿಳಿ ದುಪಟ್ಟಾ ಕರಗಿಹೋಗಿ, ನನ್ನ ಮುಖ ಗಾಳಿಗೆ ಹಾರಿಬಿಟ್ಟ ರೊಟ್ಟಿಯ ಹಾಗೆ ಒಂಟಿಯಾಗಿ ತೇಲುತ್ತಿತ್ತು. ಡ್ರೈವಿಂಗ್ ಪಾಠ ಹೇಳಿಕೊಡಲು ಹೋಗುವಾಗ ಸುತ್ತಿಕೊಳ್ಳುವ ಹಸಿರು ಸ್ಕಾರ್ಫ್ ಹಾಕಿಕೊಂಡ ಮೇಲೆ ಒಪ್ಪಿತು.

ಮೊದಲಾದರೆ ಲೀಡ್ಸ್ ರಸ್ತೆಯ ಹಾಜಿ ಸಾಹೇಬರ ಅಂಗಡಿಗೆ ಹೋಗಿ ಪಾಸ್‌ಪೋರ್ಟ್ ಕೊಟ್ಟು ಚಹಾ ಕುಡಿದು ಬಂದರೆ ಮುಗಿಯಿತು. ಏನಾದರೂ ಎಡವಟ್ಟಾದರೆ ಬಯ್ಯಲು ಒಬ್ಬ ಮನುಷ್ಯನಾದರೂ ಇರುತ್ತಿದ್ದ. ಈಗ ಬ್ರಿಟನ್ನಿನವರು ಏಜೆಂಟರ ಮೂಲಕ ಹೋಗುವಂತಿಲ್ಲ. ಎಲ್ಲ ಆನ್‌ಲೈನ್. ಹಾಜಿ ಸಾಹೇಬರು ಅದೇ ಅಂಗಡಿಯಲ್ಲಿ ಮೊಬೈಲ್ ಕವರ್ ಮಾರುತ್ತಿದ್ದಾರೆ.

ಇರಲಿ. ನಾನೊಬ್ಬಳೇ ಹೋಗುತ್ತೇನೆ. ಜೊತೆಗೆ ಗಂಡಸು ಬೇಕು ಎಂಬ ನಿಯಮವೂ ಈಗ ಇಲ್ಲ. ಅಲ್ಲಿ ಸೇರುವ ಅಷ್ಟು ಲಕ್ಷ ಜನರಲ್ಲಿ ಒಬ್ಬರಾದರೂ ನನ್ನನ್ನು ನೋಡಿ "ಪಾಪ, ಗಂಡ ಬಿಟ್ಟವಳು" ಎನ್ನುವುದಿಲ್ಲ. ಬಿಟ್ಟವಳು ನಾನು. ಬ್ರಾಡ್‌ಫರ್ಡಿನ ಬಾಯಿಗೆ ಅದು ಒಗ್ಗುವುದಿಲ್ಲ.

ಜನವರಿ 18, ಶನಿವಾರ

ಬಾಗಿಲು ತೆರೆದರೆ ರೇಶಮ್ ಜಾನ್. ಏಳು ವರ್ಷದ ಮೇಲೆ.

ನನ್ನ ಬಾಯಿಂದ ಮೊದಲು ಹೊರಟದ್ದು "ಫುಫ್ಫಿ" ಎಂದೇ. ನಾಲಗೆಗೆ ಮಾನವಿಲ್ಲ. ಅಪ್ಪನ ಅಕ್ಕನನ್ನು ಹುಟ್ಟಿದಾಗಿನಿಂದ ಕರೆದ ಹೆಸರು ಅದು. ಅವರ ಮಗ ಇಕ್ರಾಮನನ್ನು ಕಟ್ಟಿಕೊಂಡು ಹುಟ್ಟೂರು ಮೀರ್‌ಪುರದಿಂದ ಈ ಊರಿಗೆ ಬಂದ ಮೇಲೂ ಅದೇ ಹೆಸರು. ಇಕ್ರಾಮನನ್ನು ಬಿಟ್ಟ ಮೇಲೆ ಹೊಸದಾಗಿ ಏನೂ ಇಟ್ಟಿರಲಿಲ್ಲ, ಹಳೆಯದೇ ಬಂತು.

"ಒಳಗೆ ಬರಲ್ಲ ಮುಸ್ಸೋ ಮಗಾ, ನಿಂತೇ ಹೇಳ್ತೀನಿ," ಎಂದರು. "ಹಜ್‌ಗೆ ಹೊರಟಿದ್ದೀನಿ. ಅಂದಿದ್ದು ಆಡಿದ್ದು, ಗೊತ್ತಿದ್ದು ಗೊತ್ತಿಲ್ದೆ ಮಾಡಿದ್ದು, ಎಲ್ಲ ಮಾಫ್ ಮಾಡ್ಬಿಡು."

"ಮಾಫ್," ಎಂದೆ. ಬಸ್ಸಿನಲ್ಲಿ ಚಿಲ್ಲರೆ ವಾಪಸ್ ಕೊಡುವ ಹಾಗೆ ಕೊಟ್ಟೆ. ಆಮೇಲೆ ಸುಮ್ಮನಿರಲಾರದೆ ಕೇಳಿದೆ, "ಇಕ್ರಾಮ್ ಬುಕ್ ಮಾಡಿದ್ನಾ?"

"ಕೇಳ್ದೆ. 'ಈ ವರ್ಷ ಇನ್ಶಾ ಅಲ್ಲಾ, ಅಮ್ಮಾ' ಅಂದ," ಎಂದು ಮುದುಕಿ ಮುಖವರಳಿಸಿದರು.

ನನಗೆ ಅಲ್ಲೇ ಅನುಮಾನ ಬಂತು. ಇಕ್ರಾಮನ ಇನ್ಶಾ ಅಲ್ಲಾ ಎಂಥದ್ದು ಎಂದು ನನಗಿಂತ ಬಲ್ಲವರು ಯಾರು? ಅಡುಗೆಮನೆಯ ನಲ್ಲಿ ಸೋರುತ್ತಿದೆ ಎಂದಾಗಲೂ ಇನ್ಶಾ ಅಲ್ಲಾ ಎಂದಿದ್ದ. ನಾನು ಆ ಮನೆ ಬಿಟ್ಟು ಬರುವ ದಿನವೂ ಅದು ಸೋರುತ್ತಿತ್ತು. ದೇವರ ಇಚ್ಛೆಯ ಮೇಲೆ ಭಾರ ಹಾಕಿ ತಾನು ಕೈತೊಳೆದುಕೊಳ್ಳುವ ಜಾಣ ಅವನು. ಆದರೂ ನನಗೇಕೆ ಎಂದು ಬಾಗಿಲು ಹಾಕಿಕೊಂಡೆ.

ಮಾಫ್ ಅಂತೆ! ಇಕ್ರಾಮ್ ಎರಡನೆಯವಳನ್ನು ಕರೆತಂದ ದಿನ ಹೊಸ್ತಿಲ ಎರಡೂ ಕಡೆ ಸಾಸಿವೆ ಎಣ್ಣೆ ಹೊಯ್ದು ಒಳಗೆ ಕರೆದವರು ಇವರೇ. ನಾನು ಮದುವಣಗಿತ್ತಿಯಾಗಿ ಬಂದಾಗ ನನಗೂ ಹೊಯ್ದಿದ್ದರು. ಅದೇ ಕೈ, ಅದೇ ಹಿತ್ತಾಳೆ ಬಟ್ಟಲು. ನಾನು ಮಹಡಿಯ ಮೆಟ್ಟಿಲ ಮೇಲೆ ನಿಂತು ನೋಡಿದೆ. ಮಕ್ಕಳಾಗಲಿಲ್ಲವೆಂದು ಅವನು ಇನ್ನೊಬ್ಬಳನ್ನು ತಂದದ್ದನ್ನು ಬೇಕಾದರೆ ಮರೆತೇನು, ಆ ಎಣ್ಣೆಯನ್ನು ಮರೆಯಲಾರೆ. ಈ ಮನೆಗೆ ಬಂದ ಮೇಲೆ ನಾನು ಸಾಸಿವೆ ಎಣ್ಣೆಯ ಬಾಟಲಿ ತಂದಿಲ್ಲ. ಆ ವಾಸನೆ ಬಂದರೆ ಅನ್ನ ಸೇರುವುದಿಲ್ಲ.

ಜನವರಿ 22, ಬುಧವಾರ

ಇವತ್ತು ತಾಹಿರಾಳ ಡ್ರೈವಿಂಗ್ ಪಾಠ. ಐದು ಸಲ ಪರೀಕ್ಷೆಯಲ್ಲಿ ಫೇಲಾದರೂ ನನ್ನನ್ನು ಬಿಡದ ಶಿಷ್ಯೆ. ರಸ್ತೆಯ ವೃತ್ತ ಕಂಡರೆ ಕಣ್ಣು ಮುಚ್ಚುತ್ತಾಳೆ. ಅವಳೂ ಗಂಡನೂ ಈ ವರ್ಷ ಹಜ್‌ಗೆ ಅರ್ಜಿ ಹಾಕಿದ್ದಾರೆ.

ಗಿರ್ಲಿಂಗ್‌ಟನ್ನಿನ ತಿರುವಿನಲ್ಲಿ ರೇಶಮ್ ಜಾನ್ ಊರುಗೋಲು ಹಿಡಿದು ಹಿಮದ ಮೇಲೆ ಬಾತುಕೋಳಿಯಂತೆ ಹೋಗುತ್ತಿದ್ದರು. ಜಾರಿ ಬಿದ್ದು ಸೊಂಟ ಮುರಿದುಕೊಂಡರೆ, ನೋಡಿಯೂ ಸುಮ್ಮನೆ ಹೋದಳು ಎನ್ನುತ್ತಾರೆ. ಕಾರು ನಿಲ್ಲಿಸಲು ಹೇಳಿ ಹಿಂದಿನ ಸೀಟಿಗೆ ಹತ್ತಿಸಿಕೊಂಡೆ.

"ಎಲ್ಲಿಗೆ ಸವಾರಿ?"

"ಬಿಲ್ಕೀಸ್ ಮನೆಗೆ. ಅವಳ ಹತ್ರ ಮಾಫಿ ಕೇಳೋದು ಬಾಕಿ ಉಳ್ಕೊಂಡಿದೆ."

"ಅವಳಿಗೇನು ಮಾಡಿದ್ರಿ?"

"ಮಗಳ ಮದುವೇಲಿ ಬಿರಿಯಾನಿ ಬೆಂದಿಲ್ಲ ಅಂದಿದ್ದೆ."

"ಬೆಂದಿತ್ತಾ?"

"ಎಲ್ಲಿ ಬೆಂದಿತ್ತು? ಅಕ್ಕಿ ಕಲ್ಲು ಕಲ್ಲು! ಆದ್ರೂ ಮಾಫಿ ಕೇಳೋದು ಕೇಳ್ಬೇಕು."

ತಾಹಿರಾ ನಗುತ್ತ ಮುದುಕಿಯನ್ನು ಕೇಳಿದಳು, "ಖಾಲಾ, ನಿಮ್ಮ ಫೋಟೋ ಪಾಸಾಯ್ತಾ? ನಮ್ಮೋರದು ಕನ್ನಡಕ ಹೊಳೀತಿದೆ ಅಂತ ವಾಪಸ್ ಬಂತು."

"ಯಾವ ಫೋಟೋನೇ?"

ನಾನು ಕನ್ನಡಿಯಲ್ಲಿ ಅವರನ್ನು ನೋಡಿದೆ. "ಪಾಸ್‌ಪೋರ್ಟ್ ಎಲ್ಲಿದೆ ಫುಫ್ಫಿ? ಯಾರಾದ್ರೂ ಕೇಳಿದ್ರಾ?"

"ಇಕ್ರಾಮ್ ಬೀರುವಿನಲ್ಲಿರ್ಬೇಕು... ಇನ್ಶಾ ಅಲ್ಲಾ ಅಂದ್ನಲ್ಲೇ ಅವನು."

"ಅವನ ಇನ್ಶಾ ಅಲ್ಲಾ ನಿಮಗೆ ಗೊತ್ತಿಲ್ವಾ?"

"ಗೊತ್ತು," ಎಂದರು. ಊರುಗೋಲನ್ನು ಮಡಿಲಿಗೆಳೆದುಕೊಂಡರು. "ಹಜ್ ಮಾತಲ್ಲೂ ಹಂಗೇ ಮಾಡ್ತಾನೆ ಅಂತ ಗೊತ್ತಿರ್ಲಿಲ್ಲ."

ವೃತ್ತ ಬಂತು. ತಾಹಿರಾ ಕಣ್ಣು ಮುಚ್ಚಿದಳು, ನಾನು ನನ್ನ ಕಡೆಯ ಬ್ರೇಕ್ ಒತ್ತಿದೆ. ಮುದುಕಿ ಮುಂದಿನ ಸೀಟನ್ನು ಹಿಡಿದುಕೊಂಡು ನನ್ನತ್ತ ಬಾಗಿದರು.

"ಊರಿಗೆಲ್ಲ ಹೇಳ್ಬಿಟ್ಟಿದ್ದೀನಿ ಮುಸ್ಸೋ. ಎಲ್ರೂ ಅವರವರ ದುವಾ ನನ್ನ ಕೈಗೆ ಕೊಟ್ಟಿದ್ದಾರೆ. ಒಬ್ಳು ಮಗಳಿಗೆ ಗಂಡು ಕೇಳು ಅಂದ್ಲು. ಆ ಕಸಾಯಿ ರಫಾಕತ್ ಮೂಲವ್ಯಾಧಿ ವಾಸಿಯಾಗ್ಲಿ ಅಂತ ಕೇಳು ಅಂದ. ಈಗ ಯಾವ ಮುಖ ಇಟ್ಕೊಂಡು ಬೀದೀಲಿ ಓಡಾಡ್ಲಿ?"

ಬಿಲ್ಕೀಸ್ ಮನೆಯ ಮುಂದೆ ಕಾರು ನಿಂತರೂ ಇಳಿಯಲಿಲ್ಲ. ಮನೆಗೆ ಬಿಡು ಎಂದರು.

ಜನವರಿ 23, ಗುರುವಾರ

ನನಗೇನು ಬಂತು? ಹೆತ್ತ ಮಗ ಇದ್ದಾನೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದರೆ ಹೀಗೇ ಆಗುವುದು.

ಜನವರಿ 27, ಸೋಮವಾರ

ಇಕ್ರಾಮನಿಗೆ ಫೋನ್ ಮಾಡಿದೆ. ಮುದುಕಿಗಾಗಿ ಅಲ್ಲ. ಅವನಿಗೆ ನಾಲ್ಕು ಮಾತು ಅನ್ನಲು ಇಂಥ ಒಳ್ಳೆಯ ನೆಪ ಏಳು ವರ್ಷದಲ್ಲಿ ಸಿಕ್ಕಿರಲಿಲ್ಲ.

"ನಾನೆಲ್ಲಿ ಹೂಂ ಅಂದೆ ಮುಸರ್ರತ್?" ಎಂದ. "ಇನ್ಶಾ ಅಲ್ಲಾ ಅಂದೆ. ಡಾಕ್ಟರ್ ಅಮ್ಮನ ಮೊಣಕಾಲು ನೋಡಿ ತಲೆ ಅಲ್ಲಾಡಿಸ್ತಾರೆ. ನನಗೆ ಎರಡು ಸಣ್ಣ ಹುಡುಗ್ರು, ಟ್ಯಾಕ್ಸಿ ನಿಲ್ಸಿ ಅಷ್ಟು ದಿನ ಹೋಗಕ್ಕಾಗುತ್ತಾ? ಇಲ್ಲ ಅಂದ್ರೆ ಅಮ್ಮ ಅಳ್ತಾರೆ. ಅಮ್ಮ ಅಳೋದು ನೋಡಕ್ಕೆ ನನ್ನ ಕೈಲಾಗಲ್ಲ."

"ಅದಕ್ಕೆ ಬೀದಿ ಬೀದೀಲಿ ಅಳೋ ಹಾಗೆ ಮಾಡ್ದೆ."

ಕೆಟ್ಟವನಲ್ಲ ಇಕ್ರಾಮ್. ಯಾರ ಮುಖಕ್ಕೂ ಇಲ್ಲ ಎನ್ನಲಾರದವನು. ಎರಡನೇ ಮದುವೆಗೂ ಹಾಗೇ ಒಪ್ಪಿಕೊಂಡಿರಬೇಕು. ಇಂಥವರ ಕೈಯಲ್ಲಿ ಸಿಕ್ಕವರೇ ಹೆಚ್ಚು ನೋಯುವುದು.

"ನೀನೂ ಹೋಗ್ತಿದ್ದೀಯಂತೆ," ಎಂದ ಕೊನೆಗೆ. "ಅಮ್ಮನ ಪಾಸ್‌ಪೋರ್ಟ್ ತಂದ್ಕೊಡ್ಲಾ?"

ನಾನು ಇನ್ಶಾ ಅಲ್ಲಾ ಎಂದೆ. ಅವನಿಗೆ ಅರ್ಥವಾಗಲಿಲ್ಲ. ಸಂಜೆಗೆ ಪಾಸ್‌ಪೋರ್ಟ್ ತಂದು ನನ್ನ ಲೆಟರ್‌ಬಾಕ್ಸಿನಲ್ಲಿ ಹಾಕಿ ಹೋಗಿದ್ದಾನೆ. ತೊಲಗಲಿ, ಅರ್ಜಿ ತುಂಬಿಕೊಡುತ್ತೇನೆ. ಅಷ್ಟಕ್ಕೆ ನನ್ನ ಕೈಯೇನೂ ಸವೆಯುವುದಿಲ್ಲ.

ಫೆಬ್ರವರಿ 1, ಶನಿವಾರ

ಮುದುಕಿಯನ್ನು ಕರೆತಂದು ಅಡುಗೆಮನೆಯ ಮೇಜಿನ ಮುಂದೆ ಕೂರಿಸಿದೆ. ಅವರೂ ಬಿಳಿ ದುಪಟ್ಟಾದಲ್ಲೇ ಬಂದಿದ್ದರು. ನನ್ನ ಹಸಿರು ಸ್ಕಾರ್ಫ್ ಸುತ್ತಿದೆ. "ಹೀರೋಯಿನ್ ಥರ ಕಾಣ್ತೀನಾ?" ಎಂದು ಕೇಳಿದರು. ಫೋಟೋ ಒಂದೇ ಸಲಕ್ಕೆ ಪಾಸು. ನನ್ನದು ಎಷ್ಟು ಸಲ ವಾಪಸ್ ಬಂದಿತ್ತು ಎಂದು ನಾನು ಹೇಳಲಿಲ್ಲ.

ಹುಟ್ಟಿದ ದಿನ ಜನವರಿ ಒಂದು. ಅವರ ಕಾಲದಲ್ಲಿ ನಮ್ಮ ಊರಿನವರೆಲ್ಲ ಜನವರಿ ಒಂದಕ್ಕೇ ಹುಟ್ಟಿದವರು. ಗುಮಾಸ್ತನಿಗೆ ಬೇರೆ ತಾರೀಖು ಬರೆಯಲು ಬೇಸರ.

ಒಬ್ಬರು ಮುಖ್ಯಸ್ಥರಾಗಿ ಉಳಿದವರನ್ನು ತಮ್ಮ ಗುಂಪಿಗೆ ಸೇರಿಸಿಕೊಳ್ಳಬಹುದು. ಒಂದೇ ಬುಕಿಂಗ್, ಒಂದೇ ಸಲ ಹಣ. ಸೇರಿಸಲು ಹೊರಟೆ. "ಸಂಬಂಧ?" ಎಂದು ಕೇಳಿ ಪಟ್ಟಿ ಬಿಚ್ಚಿತು. ಗಂಡ, ಹೆಂಡತಿ, ತಂದೆ, ತಾಯಿ, ಮಗ, ಮಗಳು, ಸೋದರ, ಸೋದರಿ, ಇತರೆ. ಅತ್ತೆ ಎಂಬ ಮಾತಿಗೆ ಎರಡೆರಡು ಅರ್ಥ, ಪಟ್ಟಿಯಲ್ಲಿ ಒಂದೂ ಇಲ್ಲ.

"ಏನೈತೆ, ಓದು," ಎಂದರು. ಓದಿದೆ.

"ತಾಯಿ ಅಂತ ಹಾಕ್ಬಿಡು."

"ಅಲ್ಲಾನ ಮನೆಗೆ ಸುಳ್ಳು ಹೇಳ್ಕೊಂಡು ಹೋಗ್ತೀರಾ?"

"ಸರಿ, ಆ ಕೊನೇದು ಏನದು?"

"ಇತರೆ."

"ಹಂಗಂದ್ರೆ?"

"ಬೇರೆಯವರು ಅಂತ."

ರೇಶಮ್ ಜಾನ್ ಹಸಿರು ಸ್ಕಾರ್ಫನ್ನು ಬಿಚ್ಚಿ ಮಡಿಸಿ ಮೇಜಿನ ಮೇಲಿಟ್ಟರು. "ಅದೇ ಹಾಕು," ಎಂದರು. "ಸರಿಯಾಗೇ ಕೇಳ್ತೈತೆ ಮಿಷಿನ್ನು."

ಆ ದನಿಗೆ ನನಗೆ ಕೆಟ್ಟ ಸಿಟ್ಟು ಬಂತು. ನಾನೇನು ಅವರನ್ನು ಬೇರೆ ಮಾಡಿದವಳೇ? ಎಣ್ಣೆ ಹೊಯ್ದದ್ದು ಯಾರು? ಆ ಪುಟವನ್ನೇ ಮುಚ್ಚಿ ಅವರ ಹೆಸರಿನಲ್ಲಿ ಪ್ರತ್ಯೇಕ ಖಾತೆ ತೆರೆದೆ. ಅವರದು ಅವರಿಗೆ, ನನ್ನದು ನನಗೆ. ಯಾರಿಗೂ ಯಾರೂ ಏನೂ ಅಲ್ಲ. ಹಜ್‌ನಲ್ಲಿ ಅಕ್ಕಪಕ್ಕ ನಡೆಯಲು ಸಂಬಂಧ ಬೇಕಿಲ್ಲ.

ಫೆಬ್ರವರಿ 13, ಗುರುವಾರ

ಮುದುಕಿ ಈಗ ದಿನಾ ಹಾಜರು. "ಏನಾದ್ರೂ ಬಂತಾ?" ಎಂದು ಕೇಳುವ ನೆಪ. ಬಂದವರು ನನ್ನ ಡಬ್ಬಿಗಳನ್ನೆಲ್ಲ ಎತ್ತಿ ಬೇರೆ ಕಡೆ ಇಡುತ್ತಾರೆ, ಸಕ್ಕರೆ ಹುಡುಕಿದರೆ ಉಪ್ಪು ಸಿಗುತ್ತದೆ. ನಿನ್ನೆ ಸೊಪ್ಪಿನ ಸಾಗ್ ಮಾಡಿ "ಸೂರ್ಯಕಾಂತಿ ಎಣ್ಣೇಲಿ ಸಾಗ್ ಮಾಡೋರು ನರಕಕ್ಕೂ ಬೇಡ" ಎಂದರು. ನಾನು ಡಬ್ಬಿಗಳನ್ನು ಹಳೆಯ ಜಾಗಕ್ಕೆ ಇಡತೊಡಗಿದೆ. ಅವರೂ ಯಾಕೋ ಅಲ್ಲಿಗೇ ನಿಲ್ಲಿಸಿದರು.

ಚೀಟಿ ಹಾಕಿ ಕೂಡಿಟ್ಟ ಹಣವನ್ನು ನನ್ನ ಬ್ಯಾಂಕ್ ಖಾತೆಗೆ ಹಾಕಿಸಿದ್ದಾರೆ. ಇಕ್ರಾಮನ ಹೊಸ ಹೆಂಡತಿಯ ಬಗ್ಗೆ ಒಂದು ಮಾತೂ ಆಡುವುದಿಲ್ಲ, ನಾನೂ ಕೇಳುವುದಿಲ್ಲ.

ಮುಂದಿನ ಕೋಣೆಗೆ ಹೀಟರ್ ಹಾಕಿಸಿದೆ. ಹೇಗೂ ಹಾಕಿಸಬೇಕಿತ್ತು. ಎತ್ತರದ ಒಂದು ಕುರ್ಚಿಯೂ ಬಂತು, ಕೂತು ಏಳಲು ಮಂಡಿ ಮಡಚಬೇಕಿಲ್ಲ. ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತು, ಅಷ್ಟೇ.

ಇವತ್ತು ಹೇಳುತ್ತಿದ್ದರು, "ಅಲ್ಲೇ ಮಣ್ಣಾದ್ರೆ ಎಂಥ ಪುಣ್ಯ ಮುಸ್ಸೋ! ಮಕ್ಕಾದ ಮಣ್ಣು ಎಷ್ಟು ಜನಕ್ಕೆ ಸಿಗುತ್ತೆ?"

"ಟಿಕೆಟ್ ಹೋಗಿ ಬರೋದಕ್ಕೆ ತಗೊಳ್ತಾರೆ ಫುಫ್ಫಿ, ಹೋಗೋದಕ್ಕೆ ಮಾತ್ರ ಅಲ್ಲ," ಎಂದು ಗದರಿದೆ. ಸಂಜೆಯೆಲ್ಲ ಆ ಮಾತು ತಲೆಯಲ್ಲಿ ಕೊರೆಯಿತು.

ಫೆಬ್ರವರಿ 20, ಗುರುವಾರ

ಇವತ್ತು ಪ್ಯಾಕೇಜುಗಳ ಮಾರಾಟ. ಪಾಠಗಳನ್ನೆಲ್ಲ ರದ್ದು ಮಾಡಿ ಕೂತೆ. ನನ್ನ ಖಾತೆ ಲ್ಯಾಪ್‌ಟಾಪಿನಲ್ಲಿ, ಅತ್ತೆಯ ಖಾತೆ ಟ್ಯಾಬ್ಲೆಟ್ಟಿನಲ್ಲಿ. ಅತ್ತೆ ಕೈಕಾಲು ಮುಖ ತೊಳೆದು ವುಜೂ ಮಾಡಿ, ತಸ್ಬೀಹ್ ಮಣಿಸರ ಹಿಡಿದು, ಟ್ಯಾಬ್ಲೆಟ್ಟನ್ನು ಹಿಟ್ಟಿನ ಡಬ್ಬಿಗೆ ಒರಗಿಸಿಕೊಂಡು ಕೂತರು. ಸರದಿ ಎಲ್ಲಿಗೆ ಬಂತು ಎಂದು ತೋರಿಸಲು ಪರದೆಯ ಮೇಲೆ ಒಬ್ಬ ಪುಟ್ಟ ಮನುಷ್ಯ ನಡೆಯುತ್ತಿದ್ದ.

"ಎಲ್ಲಿಗೆ ಹೊರಟಿದ್ದಾನೆ ಇವನು?"

"ಅವನು ಆ ಕೊನೆ ಮುಟ್ಟಿದ್ರೆ ನಮ್ಮ ಸರದಿ."

"ಬೇಗ ನಡಿಯೋ ಮಗನೇ! ನನ್ನ ಮಂಡಿ ನಿನಗ್ಯಾಕೆ ಬಂತು?"

ಮೊದಲು ತೆರೆದದ್ದು ನನ್ನದು. ನಾನು ಮೊದಲೇ ನೋಡಿಟ್ಟಿದ್ದ, ಶೆಫೀಲ್ಡಿನ ಗುಂಪಿನ ಜೊತೆ ಹೋಗುವ ಪ್ಯಾಕೇಜು ಇನ್ನೂ ಉಳಿದಿತ್ತು, ತಾಹಿರಾ ಆರಿಸಿಟ್ಟದ್ದೂ ಅದನ್ನೇ. ಒತ್ತಿದೆ. ಹಣ ಕಟ್ಟುವ ಪುಟ ಬಂತು, ಕೆಳಗೆ ಗಡಿಯಾರ ಓಡತೊಡಗಿತು. ಕಾರ್ಡಿನ ಅಂಕಿಗಳನ್ನು ಅರ್ಧ ತುಂಬಿದ್ದೆ, ಆಗ ಅತ್ತೆ ಕಿರುಚಿದರು. "ಮುಸ್ಸೋ! ಮನುಷ್ಯ ಮಾಯ ಆದ!"

ಅವರ ಸರದಿಯೂ ಬಂದಿತ್ತು. ಆ ಕಿರುಚಾಟದಲ್ಲಿ ಯಾರಿಗೆ ಅಂಕಿ ಒತ್ತಲಾಗುತ್ತದೆ? ಮೊದಲು ಅವರದನ್ನು ಮುಗಿಸಿ ಬಾಯಿ ಮುಚ್ಚಿಸೋಣ ಎಂದು ಟ್ಯಾಬ್ಲೆಟ್ ಎಳೆದುಕೊಂಡೆ. ಅದೇ ಪ್ಯಾಕೇಜು, ಅದೇ ಕಾರ್ಡು. ಫೋನಿಗೆ ಬ್ಯಾಂಕಿನ ಸಂಖ್ಯೆ ಬಂತು, ಹಾಕಿದೆ. ಹಸಿರು ಗುರುತು ಮೂಡಿತು. ಬುಕಿಂಗ್ ಆಗಿದೆ, ರೇಶಮ್ ಜಾನ್.

ತಿರುಗಿ ನನ್ನದಕ್ಕೆ ಬಂದರೆ ಬ್ಯಾಂಕು ತಡೆಯಿತು. ಅಷ್ಟು ದೊಡ್ಡ ಮೊತ್ತ ಒಂದೇ ದಿನ ಎರಡು ಸಲ ಹೋಗುತ್ತಿದೆ, ನೀವೇ ಹೌದೋ ಅಲ್ಲವೋ ಎಂದು ತಿಳಿಯಬೇಕು, ಫೋನ್ ಮಾಡಿ ಎಂದಿತು. ಮಾಡಿದೆ. ಹಾಡು ಕೇಳಿಸಿದರು. ಆಮೇಲೆ ಒಬ್ಬ ಹುಡುಗಿ ಬಂದು, ನಿಮ್ಮ ತಾಯಿಗೆ ಮದುವೆಗೆ ಮುಂಚೆ ಇದ್ದ ಮನೆಹೆಸರು ಹೇಳಿ ಎಂದಳು. ನಮ್ಮಮ್ಮ ಮದುವೆಗೆ ಮುಂಚೆಯೂ ಬೇಗಂ, ಆಮೇಲೂ ಬೇಗಂ. ಖಾತೆ ತೆರೆಯುವಾಗ ಏನು ಬರೆದಿದ್ದೆನೋ ಆ ದೇವರಿಗೇ ಗೊತ್ತು. ಬೇಗಂ ಎಂದೆ, ತಪ್ಪು ಎಂದಳು. ಜಾನ್ ಎಂದೆ. ಅದೂ ಅಲ್ಲ. ಕೊನೆಗೆ ಊರಿನ ಹೆಸರು ಹೇಳಿದಾಗ ಒಪ್ಪಿದಳು. ಅಷ್ಟರಲ್ಲಿ ಗಡಿಯಾರ ನಿಂತಿತ್ತು. ಮತ್ತೆ ಒಳಗೆ ಹೋಗಿ ನೋಡಿದರೆ ಎಲ್ಲ ಪ್ಯಾಕೇಜುಗಳ ಮೇಲೂ ಬೂದು ಬಣ್ಣ.

ಇಬ್ಬರ ಹೆಸರೂ ಒಂದೇ ಗುಂಪಿನಲ್ಲಿ ಇದ್ದಿದ್ದರೆ ಒಂದೇ ಸಲಕ್ಕೆ ಮುಗಿಯುತ್ತಿತ್ತು.

ಅತ್ತೆ ನನ್ನ ಹಣೆಗೆ ಮುತ್ತಿಟ್ಟು, ಅಳುತ್ತ, ಗಲ್ಲ ಹಿಂಡಿ, ಬೀದಿಗೆಲ್ಲ ಹೇಳಲು ಹೊರಟೇಬಿಟ್ಟರು. ಹೊರಡುವಾಗ ನಿನ್ನದೂ ಆಯಿತಲ್ಲ ಎಂದು ಕೇಳಿದ್ದಕ್ಕೆ ಆಯಿತು ಎಂದೆ.

ಫೆಬ್ರವರಿ 21, ಶುಕ್ರವಾರ

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಫೆಬ್ರವರಿ 24, ಸೋಮವಾರ

ಎಷ್ಟು ದಿನ ಮುಚ್ಚಿಡಲಾಗುತ್ತದೆ? ಅತ್ತೆ ಎರಡು ಜೊತೆ ಚಪ್ಪಲಿ ಕೊಂಡು ತಂದಿದ್ದರು, ಒಂದು ನನ್ನ ಅಳತೆಯದು. ಹೇಳಿದೆ.

ಅವರು ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತರು. "ನಿಂದೇ ಮೊದ್ಲು ತೆರ್ಕೊಂಡಿತ್ತಲ್ಲ. ಯಾಕೆ ಕಟ್ಲಿಲ್ಲ?"

"ನೀವು ಕಿರುಚಿದ್ರಿ."

"ಇಪ್ಪತ್ತು ವರ್ಷ ಒಂದೇ ಮನೇಲಿ ಕಿರುಚಿದ್ದೀನಿ. ಯಾವತ್ತು ಕಿವಿಗೆ ಹಾಕ್ಕೊಂಡಿದ್ದೆ?"

ಹಾಲು ಉಕ್ಕುತ್ತದೆ ಎಂದು ಎದ್ದು ಹೋದೆ. ಹಾಲು ಒಲೆಯ ಮೇಲೆ ಇರಲೇ ಇಲ್ಲ.

"ನಾನೊಬ್ಳೇ ಹೋಗಲ್ಲ," ಎಂದು ಹಿಂದೆಯೇ ಬಂದರು. "ಎಬಿಸಿಡಿ ಬರಲ್ಲ ನನಗೆ."

"ಎರಡು ಮಕ್ಕಳನ್ನ ಕಂಕುಳಲ್ಲಿಟ್ಕೊಂಡು ಹೀಥ್ರೋದಲ್ಲಿ ಇಳಿದಾಗ ಬರ್ತಿತ್ತಾ? ತಾಹಿರಾ ಮತ್ತವಳ ಗಂಡನದೂ ಇದೇ ಪ್ಯಾಕೇಜು, ಅವತ್ತೇ ಆಗಿದೆ. ಅವಳು ನಿಮ್ಮ ಗಾಲಿಕುರ್ಚಿ ತಳ್ತಾಳೆ."

"ಯಾರು, ಆ ಕಣ್ಣು ಮುಚ್ಚೋಳಾ? ಯಾ ಅಲ್ಲಾ!"

"ಊರೆಲ್ಲ ದುವಾ ಕೊಟ್ಟಿದೆ. ರಫಾಕತ್ ಕೂರಕ್ಕಾಗ್ದೆ ನಿಂತೇ ಕಾಯ್ತಿದ್ದಾನೆ. ಹೋಗ್ಲೇಬೇಕು ನೀವು."

ನಗಬಾರದೆಂದು ತುಟಿ ಬಿಗಿದರು, ಆಗಲಿಲ್ಲ. ಇಬ್ಬರೂ ನಕ್ಕೆವು. ಅವರು ಹೋದ ಮೇಲೆ ಆ ಚಪ್ಪಲಿ ಹಾಕಿ ನೋಡಿದೆ, ಅಳತೆ ಸರಿಯಾಗಿದೆ. ಅಳು ಬಂತು. ಹೋಗಬೇಕೆಂದು ನನಗೂ ಬಹಳ ಆಸೆಯಿತ್ತು.

ಮೇ 11, ಭಾನುವಾರ

ರಮ್ಜಾನ್ ಹೋಯಿತು, ಈದ್ ಹೋಯಿತು, ಏನನ್ನೂ ಬರೆಯಲಿಲ್ಲ. ಬೇರೆ ಸೀಟು ಏನಾದರೂ ಬಂದೀತೇ ಎಂದು ನೋಡುವುದನ್ನೂ ಬಿಟ್ಟಿದ್ದೇನೆ.

ಇವತ್ತು ಅತ್ತೆಯನ್ನೂ ತಾಹಿರಾಳನ್ನೂ ಲಿಸ್ಟರ್ ಪಾರ್ಕಿಗೆ ಕರೆದೊಯ್ದೆ. ಬ್ಯಾಂಡ್ ಬಾರಿಸುವ ಕಟ್ಟೆಯೇ ಕಾಬಾ ಎಂದುಕೊಂಡು, ಬಾಡಿಗೆಯ ಗಾಲಿಕುರ್ಚಿಯಲ್ಲಿ ಸುತ್ತು ಹಾಕುವ ಅಭ್ಯಾಸ. ತಾಹಿರಾ ಹೊರಟದ್ದೇ ಉಲ್ಟಾ ದಿಕ್ಕಿಗೆ.

"ಎಡಗಡೆ ಇರ್ಬೇಕು ಕಣೇ ಕಾಬಾ!"

"ವೃತ್ತ ಬಲಗಡೆ ಬರ್ಬೇಕು ಅಂತ ನೀವೇ ಒಂದು ವರ್ಷದಿಂದ ತಲೆ ತಿಂದಿದ್ದೀರಲ್ಲ ಬಾಜಿ!"

"ಅದು ಬ್ರಾಡ್‌ಫರ್ಡು. ಇದು ಅಲ್ಲಾನ ಮನೆ. ಅಲ್ಲಿ ಎಲ್ಲ ವಾಪಸ್."

ಹುಲ್ಲಿನ ಮೇಲೆ ಬಿಯರ್ ಹಿಡಿದು ಬಿಸಿಲು ಕಾಯುತ್ತಿದ್ದ ಗೋರಾ ಹುಡುಗರು ಚಪ್ಪಾಳೆ ತಟ್ಟಿದರು. ಅತ್ತೆ ಅವರಿಗೂ ಕೈ ಬೀಸಿ, ನಿಮಗೂ ದುವಾ ಮಾಡ್ತೀನಿ ಎಂದು ನಮ್ಮ ಪಹಾಡಿ ಮಾತಿನಲ್ಲೇ ಕೂಗಿದರು.

ಬೆಂಚಿನ ಮೇಲೆ ಕೂತಾಗ ಕೇಳಿದರು, "ಎಲ್ರೂ ಕೊಟ್ರು. ನಿನ್ನ ದುವಾ ಏನು ಮುಸ್ಸೋ?"

ನನ್ನ ದುವಾವನ್ನು ನಾನೇ ಹೋಗಿ ಕೇಳಬೇಕೆಂದಿದ್ದೆ, ಬೇರೆಯವರ ಕೈಯಲ್ಲಿ ಕೊಡುವಂಥದ್ದು ಅಲ್ಲ ಎಂದೆ. ಮಕ್ಕಾದ ಮಣ್ಣಿನ ಮಾತನ್ನು ಮತ್ತೆ ತೆಗೆದರು. ಈ ಸಲ ಗದರಲಿಲ್ಲ. ಬಿಸಿಲು ಜಾಸ್ತಿಯಿತ್ತು.

ಮೇ 29, ಗುರುವಾರ

ಮ್ಯಾಂಚೆಸ್ಟರ್ ವಿಮಾನ ನಿಲ್ದಾಣ. ಇಕ್ರಾಮ್ ತನ್ನ ಟ್ಯಾಕ್ಸಿಯಲ್ಲಿ ಅವರನ್ನು ಕರೆತಂದಿದ್ದ. ನಾನು ನನ್ನ ಕಾರಿನಲ್ಲಿ ಬೇರೆ ಹೋದೆ. ಅವನು "ಥ್ಯಾಂಕ್ಸ್" ಎಂದ. ನಾನು "ಆ ನಲ್ಲಿ ರಿಪೇರಿ ಆಯ್ತಾ?" ಎಂದೆ. ಅವನಿಗೆ ನೆನಪೇ ಇರಲಿಲ್ಲ.

ತಾಹಿರಾ ಗಾಲಿಕುರ್ಚಿ ಹಿಡಿದಳು. ಅತ್ತೆ ತಡೆದು, ನನ್ನನ್ನು ಬಗ್ಗಲು ಹೇಳಿ ಕಿವಿಯ ಹತ್ತಿರ ಮಾತಾಡಿದರು.

"ಅವತ್ತು ನಿನ್ನ ಬಾಗಿಲಲ್ಲಿ ಊರೋರಿಗೆಲ್ಲ ಹೇಳೋ ಮಾತು ಹೇಳ್ಬಿಟ್ಟೆ. ಅದು ಲೆಕ್ಕಕ್ಕಿಲ್ಲ. ಆ ಎಣ್ಣೆ ಮಾಫ್ ಮಾಡು ಮುಸ್ಸೋ. ನೀನು ಮೆಟ್ಟಿಲ ಮೇಲೆ ನಿಂತಿದ್ದೆ, ನಾನು ನೋಡ್ದೆ. ನೋಡಿಯೂ ಹೊಯ್ದೆ. ಯಾರೂ ಬಲವಂತ ಮಾಡ್ಲಿಲ್ಲ. ಮೊಮ್ಮಕ್ಕಳ ಆಸೆ."

ಅವರಿಗೆ ಗೊತ್ತೇ ಇಲ್ಲ ಎಂದುಕೊಂಡಿದ್ದೆ. ಇಷ್ಟು ವರ್ಷ ನಾನೊಬ್ಬಳೇ ಹೊತ್ತುಕೊಂಡಿದ್ದೇನೆ ಎಂದುಕೊಂಡಿದ್ದೆ.

ಮಾಫ್ ಎಂದುಬಿಟ್ಟರೆ ಇವರು ನಿರಾಳವಾಗಿ ಅಲ್ಲೇ ಮಣ್ಣಾಗಿಬಿಡುತ್ತಾರೆ ಎಂದು ಯಾಕೋ ಹೆದರಿಕೆಯಾಯಿತು.

"ಬಂದ್ಮೇಲೆ ಹೇಳ್ತೀನಿ," ಎಂದೆ.

"ಬರದೆ ಇದ್ರೆ?"

"ಬಂದ್ರೇನೇ ಉತ್ತರ. ಬರ್ಬೇಕು ನೀವು."

ಅತ್ತೆ ನನ್ನ ಮುಖವನ್ನೇ ನೋಡಿದರು. "ಘಾಟಿ ಹೆಣ್ಣು," ಎಂದರು. ತಾಹಿರಾ ತಳ್ಳಿಕೊಂಡು ಹೋದಳು, ಕಣ್ಣು ತೆರೆದೇ ಇದ್ದಳು.

ಜೂನ್ 5, ಗುರುವಾರ

ಹಾಜಿಗಳೆಲ್ಲ ಬಯಲಿನಲ್ಲಿ ಸೇರಿ ದುವಾ ಕೇಳುವ ಅರಫಾತ್ ದಿನ. ನಾನು ಇಲ್ಲಿ ಉಪವಾಸ. ಟಿವಿಯಲ್ಲಿ ಬಿಳಿಯ ಕಡಲು. ಹಸಿರು ಸ್ಕಾರ್ಫ್ ಹಾಕಿಸಿ ಕಳಿಸಿದ್ದೆ, ಅದನ್ನೇ ಹುಡುಕುತ್ತ ಕೂತೆ. ಬಿಸಿಲು ವಿಪರೀತ ಎನ್ನುತ್ತಿದ್ದಾರೆ. ತಾಹಿರಾಳ ಫೋನ್ ಹತ್ತುತ್ತಿಲ್ಲ.

ಮಾಫ್ ಎಂದು ಕಳಿಸಬೇಕಿತ್ತೇನೋ. ಏನಾದರೂ ಆದರೆ ನಾನು ಆ ಮಾತನ್ನು ಯಾರಿಗೆ ಹೇಳಲಿ?

ಜೂನ್ 7, ಶನಿವಾರ

ತಾಹಿರಾ ಫೋನ್ ಮಾಡಿದಳು. ಎಲ್ಲ ಸುಗಮ. ಅಲ್ಹಮ್ದುಲಿಲ್ಲಾ, ಅಲ್ಹಮ್ದುಲಿಲ್ಲಾ.

"ಬಾಜಿ, ಇವರ ಜೊತೆ ನನಗೆ ಸಾಕಾಗಿದೆ. ಡೇರೆಯಲ್ಲಿ ಎಲ್ರಿಗೂ ಒಂದೇ ಕಥೆ. ಯಾರ ಜೊತೆ ಬಂದಿರಿ ಅಂತ ಕೇಳಿದ್ರೆ ಸಾಕು, 'ನನ್ನ ಸೊಸೆ ಕಳಿಸಿದ್ದು, ಅವಳ ಸೀಟು ನನಗೆ ಕೊಟ್ಳು' ಅಂತ ಶುರು. ಬಿಸಿಲಲ್ಲಿ ಕೈಯೆತ್ತಿಕೊಂಡು ಕೂತಿದ್ರು. ರಫಾಕತ್ ಚಾಚಾನ ಮೂಲವ್ಯಾಧಿವರೆಗೂ ಒಂದೂ ಬಿಡದೆ ಕೇಳಿದ್ರು. ನಿಮ್ಮ ಹೆಸರು ಬಂದಾಗ ಮಾತ್ರ ಬಾಯಿ ಬಿಡದೆ ಅತ್ರು."

ಸೊಸೆ ಎಂದರಂತೆ. ಅಣ್ಣತಮ್ಮಂದಿರ ಮಗಳೂ ಸೊಸೆಯೇ, ಮಗನ ಹೆಂಡತಿಯೂ ಸೊಸೆಯೇ. ಯಾವ ಸೊಸೆ ಎಂದು ಯಾರೂ ಕೇಳಲಿಲ್ಲವಂತೆ. ಆ ವೆಬ್‌ಸೈಟಿಗಿಂತ ಡೇರೆಯ ಜನ ಬುದ್ಧಿವಂತರು.

ಜೂನ್ 16, ಸೋಮವಾರ

ಪೇಟೆಗೆ ಹೋಗಿದ್ದೆ. ಮೊಸರು, ಬೆಂಡೆ, ಪಾಲಕ್, ಮೆಕ್ಕೆಜೋಳದ ಹಿಟ್ಟು, ಒಂದು ಬಾಟಲಿ ಸಾಸಿವೆ ಎಣ್ಣೆ. ಪಾಲಕ್ ಇದ್ದ ಮೇಲೆ ಸಾಗ್ ಮಾಡಬೇಕಲ್ಲ.

ಜೂನ್ 17, ಮಂಗಳವಾರ

ಅತ್ತೆ ಇವತ್ತು ಬರುತ್ತಾರೆ ಎಂದು ಗೊತ್ತಿತ್ತು. ಇಕ್ರಾಮನ ಮನೆಯಲ್ಲಿ ಹೂಮಾಲೆ, ನೆಂಟರು, ಬಿರಿಯಾನಿ ಎಲ್ಲ ತಯಾರಿ. ಆ ಹೊಸ್ತಿಲಿಗೆ ನಾನು ಹೋಗುವುದಿಲ್ಲ, ನಾಳೆ ನಾಡಿದ್ದು ಅವರೇ ಬಂದಾಗ ನೋಡಿದರಾಯಿತು ಎಂದು ಸಾಗ್‌ಗೆ ಸೊಪ್ಪು ಬಿಡಿಸುತ್ತ ಕೂತಿದ್ದೆ. ಹೊರಗೆ ಟ್ಯಾಕ್ಸಿ ನಿಂತ ಸದ್ದಾಯಿತು. ಇಕ್ರಾಮನ ದನಿ ಕೇಳಿಸಿತು. "ಅಮ್ಮಾ, ಜನ ಕಾಯ್ತಿದ್ದಾರೆ!"

"ಕಾಯ್ಲಿ. ನನಗೆ ಇಲ್ಲಿ ಒಂದು ಉತ್ತರ ಬರೋದೈತೆ."

ಕೈಯಲ್ಲಿ ಸೊಪ್ಪಿನ ಮಣ್ಣಿತ್ತು. ಏನು ಮಾಡುತ್ತಿದ್ದೇನೆ ಎಂದು ಯೋಚಿಸಲು ಪುರುಸೊತ್ತಿರಲಿಲ್ಲ. ಹಜ್ ಮಾಡಿ ಬಂದವರು ಬಾಗಿಲಲ್ಲಿ ಒಣ ಹೊಸ್ತಿಲ ಮುಂದೆ ನಿಲ್ಲುವುದು ನಮ್ಮಲ್ಲಿ ಚೆನ್ನಲ್ಲ. ಬಾಟಲಿಯ ಮುಚ್ಚಳ ಬಿಗಿಯಾಗಿತ್ತು, ಹಲ್ಲಿನಲ್ಲಿ ಕಚ್ಚಿ ತೆಗೆದೆ. ಬಟ್ಟಲಿಗೆ ಸುರಿಯುವಷ್ಟು ಹೊತ್ತೂ ಇರಲಿಲ್ಲ, ಬಾಗಿಲು ತೆರೆದು ಬಾಟಲಿಯಿಂದಲೇ ಹೊಸ್ತಿಲ ಎರಡೂ ಕಡೆ ಹೊಯ್ದೆ.

ಅತ್ತೆ ಕರ‍್ರಗಾಗಿ, ಅರ್ಧ ಆಳಾಗಿ, ಹಸಿರು ಸ್ಕಾರ್ಫಿನಲ್ಲಿ ಆಚೆ ನಿಂತಿದ್ದರು. ಎಣ್ಣೆಯನ್ನು ನೋಡಿದರು. ನನ್ನನ್ನು ನೋಡಿದರು.

"ಸಾಸಿವೆ ಎಣ್ಣೆನಾ?"

"ಹೂಂ. ಹುಷಾರು ಫುಫ್ಫಿ, ಜಾರುತ್ತೆ."

ನನ್ನ ಕೈ ಹಿಡಿದುಕೊಂಡೇ ಒಳಗೆ ಬಂದರು. ಎತ್ತರದ ಕುರ್ಚಿಯಲ್ಲಿ ಕೂತು ಬಹಳ ಹೊತ್ತು ಅತ್ತರು, ನಾನೂ ಅತ್ತೆ. ಆಮೇಲೆ ಸಾಗ್ ತಿಂದು, ಈಗ ರುಚಿ ಬಂತು ಎಂದರು. ಇಕ್ರಾಮ್ ಹೊರಗೆ ಹಾರ್ನ್ ಬಾರಿಸಿ ಬಾರಿಸಿ ಸಾಕಾಗಿ, ಅವನೂ ಒಳಗೆ ಬಂದು ಒಂದು ತಟ್ಟೆ ತಿಂದು, ಹೋಗುವಾಗ ಎಣ್ಣೆಯಲ್ಲಿ ಜಾರಿ ಬೀಳುವುದರಲ್ಲಿದ್ದ.

ಹೊಸ್ತಿಲ ಮರ ಎಣ್ಣೆ ಕುಡಿದಿದೆ, ಕಲೆ ಹೋಗುವ ಹಾಗೆ ಕಾಣುವುದಿಲ್ಲ. ಈ ಗಲಾಟೆಯಲ್ಲಿ ಅತ್ತೆಯ ಮಾತಿಗೆ ಉತ್ತರ ಹೇಳುವುದೇ ಮರೆತುಹೋಯಿತು. ಅವರೂ ಕೇಳದೆ ಹೋದರು. ನಾಳೆ ಬಂದಾಗ ಕೇಳಿದರೆ ಹೇಳಿದರಾಯಿತು.